ಮಾತು ಕೇಳದ ಗೊಂಬೆ: ಗೊಂಬೆಯಾಟದ ಹಾಸ್ಯವನ್ನು ಕುರಿತು ಒಂದು ವಿವೇಚನೆ

೧

ಭಾರತೀಯ ವಾಙ್ಮಯದಲ್ಲಿ ಗೊಂಬೆಯು ಪ್ರಾಚೀನ ಕಾಲದಿಂದಲೂ ಪರಾಧೀನತೆಯ ಉಪಮಾನವಾಗಿ ಬಂದಿರುವದು. ಮಹಾಭಾರತದ ವನಪರ್ವದಲ್ಲಿ ದ್ರೌಪದಿಯು ಧರ್ಮರಾಜನೊಡನೆ ವಾದಿಸುತ್ತ, ಆಡಿಸುವವನು ಮರದ ಹೆಣ್ಣುಗೊಂಬೆಯ ಅವಯವಗಳನ್ನು ಹೇಗೆ ಆಡಿಸುವನೋ ಹಾಗೆ ವಿಧಾತನು ಪ್ರಾಣಿಗಳನ್ನು ಆಡಿಸುತ್ತಾನೆಂದು ಹೇಳುತ್ತಾಳೆ. ಭಾಗವತದ ದಶಮಸ್ಕಂಧದಲ್ಲಿಯೂ ಈ ಉಪಮೆ ಬರುವದು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಈಶ್ವರನು ಸರ್ವಭೂತಗಳನ್ನು ಯಂತ್ರದ ಮೇಲೇರಿಸಿದಂತೆ ತಿರುಗಿಸುತ್ತಾನೆಂಬ ಮಾತಿಗೆ ಶಂಕರಾಚಾರ್ಯರು ಮರದಿಂದ ಮಾಡಿದ ಪುರುಷಾಕೃತಿಗಳ ದೃಷ್ಟಾಂತವನ್ನೇ ಕೊಟ್ಟಿದ್ದಾರೆ. ಜ್ಞಾನೇಶ್ವರಿಯಲ್ಲಿ ಸೂತ್ರದ ಗೊಂಬೆಯು ದೃಷ್ಟಾಂತವಾಗಿದೆ. ನಮ್ಮ ಹರಿದಾಸರಿಗೂ ಅದು ಅಪರಿಚಿತವಲ್ಲ. ಇಂದಿನ ಆಡುಮಾತಿನಲ್ಲಿಯೂ ‘ಕೀಲುಗೊಂಬೆ’ ‘ಕೈಗೊಂಬೆ’ ಎಂಬ ಶಬ್ದಗಳು ಸ್ವಂತ ಬುದ್ಧಿಯಿಲ್ಲದವನನ್ನು ಹಳಿಯುವದಕ್ಕಾಗಿಯೆ ಉಳಿದಿವೆ.

ಆದರೆ ಗೊಂಬೆಯಾಟವನ್ನು ಕಣ್ಣಾರೆ ಕಂಡ ಜನರ ಅನುಭವವು ಈ ತಾತ್ವಿಕರ ಉಪಮೆಗೆ ನೇರ ವಿರುದ್ಧವಾಗಿದೆ. ಆಡಿಸುವವನ ಕೈಗೆ ಸಂಪೂರ್ಣವಾಗಿ ಒಳಪಟ್ಟು ನಡೆಯುವ ರಾಮನನ್ನಾಗಲಿ ಅರ್ಜುನನನ್ನಾಗಲಿ ಪ್ರೇಕ್ಷಕನು ಭಕ್ತಿಯಿಂದ ನೋಡುವನು. ಅವನು ಮನೆಗೆ ಹೋದ ಮೇಲೆ ನೆನೆದು ನಗುವದು ಮಾತ್ರ ಆಡಿಸುವವನ ಮಾತನ್ನೇ ಕೇಳದ ಗೊಂಬೆಯನ್ನು. ಕರ್ನಾಟಕದ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ, ಮರಾಠೀ ರಂಗದ ಅರ್ಧವಟರಾವ್, ಇಂಗ್ಲಂಡಿನ ಪಂಚ್, ರಶಿಯದ ಪೆತ್ರುಷ್ಕಾ ಇವರೆಲ್ಲರೂ ಈ ಒಂದೇ ಕುಲದವರು. ಹೀಗಿರಲು, ವಿಧೇಯತೆಯ ಉಪಮಾನವೆನಿಸಿದ ವಸ್ತುವು ರಂಗಕ್ಕೆ ಬಂದೊಡನೆ ಅವಿಧೇಯತೆಯ ಪ್ರತೀಕವಾಗುವದೇಕೆ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ.

ಒಂದು ಸಂಗತಿಯನ್ನು ಮೊದಲಿಗೇ ಗಮನಿಸಬೇಕು. ದ್ರೌಪದಿಯು ಆ ಉಪಮೆಯನ್ನು ಬಳಸುವದು ಶರಣಾಗತಿಯ ಭಾವದಿಂದ ಅಲ್ಲ. ರಾಜ್ಯವನ್ನು ಕಳೆದುಕೊಂಡು ಕಾಡು ಸೇರಿದ ಆಕೆ ಧರ್ಮಿಷ್ಠರಿಗೆ ದುಃಖವನ್ನೂ ಅಧರ್ಮಿಗಳಿಗೆ ಐಶ್ವರ್ಯವನ್ನೂ ಕೊಡುವ ವಿಧಾತನ ಮೇಲೆ ದೂರು ಹೇಳುತ್ತಿದ್ದಾಳೆ. ಆಕೆಯ ಮಾತು ನಾಸ್ತಿಕ್ಯವೆಂದು ಧರ್ಮರಾಜನು ಕೂಡಲೆ ಆಕ್ಷೇಪಿಸುವನು. ಎಂದರೆ, ಗೊಂಬೆಯ ಈ ಪ್ರಸಿದ್ಧವಾದ ಉಪಮೆಯು ಬಂದಿರುವದು, ತಾನು ಗೊಂಬೆಯೆಂದು ತಿಳಿದು ಆಡಿಸುವವನ ಮುಖಕ್ಕೆ ಪ್ರಶ್ನೆ ಹಾಕುವ ವ್ಯಕ್ತಿಯೊಬ್ಬಳ ಬಾಯಿಂದಲೆ. ತತ್ತ್ವಗ್ರಂಥಗಳು ಉಪಮೆಯನ್ನು ಇಟ್ಟುಕೊಂಡು ದೂರನ್ನು ಬಿಟ್ಟವು. ಜಾನಪದ ರಂಗವು ಆ ದೂರನ್ನು ಎತ್ತಿಕೊಂಡು ಅದಕ್ಕೆ ನಗೆಯ ವೇಷವನ್ನು ತೊಡಿಸಿತು. ಗೊಂಬೆಯಾಟದ ಹಾಸ್ಯವನ್ನು ಕೇವಲ ‘ಬೇಸರ ಕಳೆಯುವ ಮಧ್ಯಂತರ’ ಎಂದು ತಳ್ಳಿಹಾಕುವವರು ಈ ಮಾತನ್ನು ಲಕ್ಷಿಸಿದಂತೆ ಕಾಣುವದಿಲ್ಲ.

೨

ಈ ವಿಷಯವನ್ನು ಭೋರಿನಂಥ ಊರಿನಿಂದ ನೋಡುವದರಲ್ಲಿ ಒಂದು ಅನುಕೂಲವಿದೆ. ಪುಣೆಯ ದಕ್ಷಿಣಕ್ಕೆ ಸುಮಾರು ೫೦ ಕಿಲೋಮೀಟರು ದೂರದಲ್ಲಿ, ನೀರಾ ನದಿಯ ದಂಡೆಯ ಮೇಲಿರುವ ಭೋರ್ ಹಿಂದೆ ಪಂತ ಸಚಿವರ ಸಂಸ್ಥಾನದ ರಾಜಧಾನಿಯಾಗಿತ್ತು. ಇಂದು ಅಲ್ಲಿಯ ರಾಜವಾಡೆಯು ಚಲಚ್ಚಿತ್ರಗಳ ಚಿತ್ರೀಕರಣಕ್ಕಾಗಿಯೆ ಹೆಚ್ಚು ಜನರಿಗೆ ಪರಿಚಿತ. ಆದರೆ ಬ್ರಿಟಿಶರ ಕಾಲದಲ್ಲಿ ಭೋರ್, ಸಾಂಗಲಿ, ಮಿರಜ, ಜಮಖಂಡಿ, ಮುಧೋಳ, ರಾಮದುರ್ಗಗಳು ದಖ್ಖನ ಸಂಸ್ಥಾನಗಳೆಂಬ ಒಂದೇ ಗುಂಪಿಗೆ ಸೇರಿದ್ದವು. ೧೯೪೮ರಲ್ಲಿ ಇವೆಲ್ಲವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರ ರಾಜ್ಯ ಪುನರ್ವಿಂಗಡಣೆಯಿಂದ ಜಮಖಂಡಿ, ಮುಧೋಳ, ರಾಮದುರ್ಗಗಳು ಮೈಸೂರು ರಾಜ್ಯಕ್ಕೆ ಬಂದು, ಭೋರ್, ಸಾಂಗಲಿಗಳು ಅತ್ತಲೆ ಉಳಿದವು. ಭಾಷೆಯ ಗಡಿಯು ಆಡಳಿತದ ಗಡಿಯಾದದ್ದು ಹೀಗೆ ಇತ್ತೀಚಿಗೆ. ಆಟದವರು ಆ ಗಡಿಯನ್ನು ತಿಳಿದಿರಲಿಲ್ಲ.

ಇದಕ್ಕೆ ಸಾಂಗಲಿಯ ಇತಿಹಾಸವೇ ಸಾಕ್ಷಿ. ೧೮೪೨ರ ಸುಮಾರಿಗೆ ಉತ್ತರ ಕನ್ನಡದ ಕಡೆಯಿಂದ ಭಾಗವತ ಮಂಡಳಿಯೊಂದು ಸಾಂಗಲಿಗೆ ಬಂದು ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರ ಮುಂದೆ ತನ್ನ ಆಟವನ್ನು ತೋರಿಸಿತು. ಇಂಥದನ್ನು ಮರಾಠಿಯಲ್ಲಿಯೂ ರಚಿಸಬೇಕೆಂದು ಅರಸರು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಮಾಡಿದರು. ೧೮೪೩ರ ನವೆಂಬರ ೫ರಂದು ಆಡಲ್ಪಟ್ಟ ‘ಸೀತಾಸ್ವಯಂವರ’ದಿಂದ ಆಧುನಿಕ ಮರಾಠೀ ರಂಗಭೂಮಿಯ ಆರಂಭವನ್ನು ಎಣಿಸುವದು ವಾಡಿಕೆ. ಮರಾಠೀ ರಂಗಭೂಮಿಗೆ ಕನ್ನಡದ ಋಣವಿದೆಯೆಂದು ಹೇಳುವದಕ್ಕೆ ನಮ್ಮವರು ಈ ಪ್ರಸಂಗವನ್ನು ಅನೇಕ ಸಲ ಉದ್ಧರಿಸಿದ್ದಾರೆ. ಅವರು ಅಷ್ಟಾಗಿ ಉದ್ಧರಿಸದೆ ಇರುವ ಇನ್ನೊಂದು ಅಂಶವೆಂದರೆ, ಭಾವೆಯವರು ಮರದ ಸೂತ್ರದ ಗೊಂಬೆಗಳನ್ನು ತಯಾರಿಸುವದರಲ್ಲಿಯೂ ಕುಶಲರಾಗಿದ್ದರು. ಅವರ ಗೊಂಬೆಗಳು ಕೈಯಿಂದ ಕೈಗೆ ದಾಟಿ, ನಮ್ಮ ಕಾಲದಲ್ಲಿ ರಾಮದಾಸ ಪಾಧ್ಯೆಯವರ ಪ್ರಯತ್ನದಿಂದ ಪುನಃ ರಂಗವನ್ನು ಕಂಡವು.

ಭಾವೆಯವರ ನಾಟಕದ ರಚನೆಯನ್ನು ನೋಡಿದರೆ ಈ ಅಂಶದ ಮಹತ್ವವು ತಿಳಿಯುವದು. ಅಲ್ಲಿ ಪದ್ಯಗಳನ್ನು ಹಾಡುವವನು ಸೂತ್ರಧಾರ. ಪಾತ್ರಧಾರಿಗಳು ಅವನ ಹಾಡಿಗೆ ಅನುಸಾರವಾಗಿ ಅಭಿನಯಿಸಿ, ಸಮಯಸ್ಫೂರ್ತಿಯಿಂದ ಮಾತು ಸೇರಿಸುವರು. ಆರಂಭದಲ್ಲಿ ವಿದೂಷಕನು ವಿಚಿತ್ರ ವೇಷದಿಂದ ಪ್ರವೇಶಿಸಿ ಸೂತ್ರಧಾರನೊಡನೆ ಅಸಂಬದ್ಧವಾದ ಸಂಭಾಷಣೆಯನ್ನು ಹೂಡುವನು. ಸಜೀವ ನಟರಿರುವ ಈ ರಂಗದಲ್ಲಿಯೂ ಹಾಡಿನ ಸೂತ್ರಕ್ಕೆ ಕಟ್ಟಿದ ಗೊಂಬೆಗಳು ಅನೇಕ, ಸೂತ್ರಕ್ಕೆ ಸಿಕ್ಕದವನು ಒಬ್ಬನೆ. ಆ ಒಬ್ಬನೇ ನಗಿಸುವವನು.

೩

‘ಸೂತ್ರಧಾರ’ ಎಂಬ ಶಬ್ದದ ಮೇಲೆ ಒಂದು ಕಾಲಕ್ಕೆ ದೊಡ್ಡ ಚರ್ಚೆ ನಡೆಯಿತು. ಜರ್ಮನ್ ಪಂಡಿತ ರಿಚರ್ಡ್ ಪಿಶೆಲರು ೧೯೦೦ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಗೊಂಬೆಯಾಟದ ತವರುಮನೆ ಭಾರತವೆಂದೂ, ಸೂತ್ರಧಾರನೆಂದರೆ ಮೂಲತಃ ಗೊಂಬೆಯ ದಾರವನ್ನು ಹಿಡಿದವನೆಂದೂ, ಯುರೋಪಿನ ಗೊಂಬೆಯಾಟದ ಹಾಸ್ಯಗಾರನು ನಮ್ಮ ವಿದೂಷಕನ ವಂಶದವನೆಂದೂ ವಾದಿಸಿದರು. ಈ ಮತವನ್ನು ಕೀಥ್ ಮೊದಲಾದವರು ಒಪ್ಪಲಿಲ್ಲ; ಶಿಲ್ಪಿಯು ಅಳತೆಯ ನೂಲನ್ನು ಹಿಡಿಯುವವನಾದ್ದರಿಂದಲೂ ಸೂತ್ರಧಾರನೆನಿಸಬಹುದೆಂಬ ಆಕ್ಷೇಪವಿದೆ. ಇತಿಹಾಸದ ದೃಷ್ಟಿಯಿಂದ ಪಿಶೆಲರ ಪಕ್ಷವು ದುರ್ಬಲವೆಂದೇ ಹೇಳಬೇಕು. ಗೊಂಬೆ ಮೊದಲೊ ನಟ ಮೊದಲೊ ಎಂಬುದನ್ನು ಒಂದು ಶಬ್ದದ ವ್ಯುತ್ಪತ್ತಿಯಿಂದ ತೀರ್ಮಾನಿಸಲಾಗದು. ಆದರೆ ಸೂತ್ರಧಾರ-ವಿದೂಷಕರ ಸಂಬಂಧದಲ್ಲಿ ಗೊಂಬೆಯಾಡಿಸುವವನಿಗೂ ಅವನ ಹಟಮಾರಿ ಗೊಂಬೆಗೂ ಇರುವ ಸಂಬಂಧದ ರೂಪವನ್ನು ಪಿಶೆಲರು ಗುರುತಿಸಿದ್ದು ಮಾತ್ರ ಸರಿಯಾಗಿದೆ.

ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವು ಪೂರ್ವರಂಗದ ಅಂಗಗಳನ್ನು ವರ್ಣಿಸುತ್ತ ‘ತ್ರಿಗತ’ವೆಂಬುದನ್ನು ಹೇಳುವದು. ಸೂತ್ರಧಾರ, ಪಾರಿಪಾರ್ಶ್ವಿಕ, ವಿದೂಷಕ ಈ ಮೂವರು ಅದರಲ್ಲಿ ಮಾತಾಡುವರು. ವಿದೂಷಕನು ಸಂದರ್ಭವಿಲ್ಲದ ಮಾತುಗಳನ್ನಾಡಿ ಸೂತ್ರಧಾರನನ್ನು ನಗಿಸಬೇಕೆಂಬ ವಿಧಿಯಿದೆ. ನಾಟಕವು ಇನ್ನೂ ಆರಂಭವಾಗಿಲ್ಲ, ಸಿದ್ಧತೆ ನಡೆದಿದೆ, ಆ ಸಿದ್ಧತೆಗೆ ಒಬ್ಬನು ಅಡ್ಡಿ ಬರುತ್ತಾನೆ, ಅಡ್ಡಿಯೇ ಒಂದು ರಂಗವಿಧಿಯಾಗಿದೆ. ತಾಲೀಮನ್ನೇ ಪ್ರದರ್ಶನವನ್ನಾಗಿ ಮಾಡುವದು ಇಂದಿನ ಹೊಸ ಉಪಾಯವೆಂದು ತಿಳಿಯುವವರು ಇದನ್ನು ನೋಡಬೇಕು. ಯಕ್ಷಗಾನದ ಪೂರ್ವರಂಗದ ಕೋಡಂಗಿ, ಭಾಗವತನೊಡನೆ ಹುಡುಗಾಟವಾಡುವ ಹಾಸ್ಯಗಾರ, ದೊಡ್ಡಾಟದ ಸಾರಥಿ, ತಮಾಶಾದ ಸೋಂಗಾಡ್ಯಾ ಇವರೆಲ್ಲರ ಕೆಲಸವೂ ಸ್ಥೂಲವಾಗಿ ಇದುವೆ. ಆಟವು ಕಟ್ಟಲ್ಪಡುತ್ತಿರುವ ಕ್ಷಣದಲ್ಲಿ ಅದನ್ನು ಸಡಿಲಿಸಿ, ಇದು ಆಟವೆಂಬುದನ್ನು ಪ್ರೇಕ್ಷಕನ ನೆನಪಿಗೆ ತಂದು, ಅನಂತರ ಅವನನ್ನು ಒಳಗೆ ಬಿಡುವದು.

ಆದ್ದರಿಂದ ಮಾತು ಕೇಳದ ಗೊಂಬೆಗಳನ್ನು ಇಟ್ಟುಕೊಂಡು ಒಬ್ಬನು ತಾಲೀಮು ನಡೆಸುವ ಹಾಸ್ಯಪ್ರಸಂಗವು ಎಲ್ಲಿ ಕಂಡುಬಂದರೂ, ಅದು ಪೂರ್ವರಂಗದ ಪುನರಾಗಮನವೆಂದು ತಿಳಿಯಬಹುದು. ಅದರ ಯೋಗ್ಯತೆಯನ್ನು ಅಳೆಯುವ ಪ್ರಮಾಣವೂ ಇಲ್ಲಿಂದಲೇ ದೊರೆಯುವದು. ಗೊಂಬೆಯ ಅವಿಧೇಯತೆಯು ಆಟದ ಕಟ್ಟಿನ ಬಗ್ಗೆ, ಅಥವಾ ಆ ಕಟ್ಟಿನ ಹಿಂದಿರುವ ಲೋಕದ ಬಗ್ಗೆ, ಏನನ್ನಾದರೂ ತಿಳಿಸುತ್ತದೆಯೆ? ಇಲ್ಲವೆ ಬರಿಯ ಗದ್ದಲವೆ?

೪

ಈ ಪ್ರಮಾಣದಿಂದ ಪರೀಕ್ಷಿಸಿದಾಗ ಕಿಳ್ಳೇಕ್ಯಾತನಷ್ಟು ಸಮರ್ಥನಾದ ಹಾಸ್ಯಪಾತ್ರವು ನಮ್ಮ ಗೊಂಬೆಯಾಟದಲ್ಲಿ ಮತ್ತೊಂದಿಲ್ಲ. ತೊಗಲುಗೊಂಬೆಯಾಟದಲ್ಲಿ ಗಣಪತಿ, ಸರಸ್ವತಿಯರ ಸ್ತುತಿಯಾದ ಮೇಲೆ ಪರದೆಯ ಮೇಲೆ ಬರುವವರು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಕರಿಯ ಮೈ, ದೊಡ್ಡ ಹೊಟ್ಟೆ, ದಪ್ಪ ತುಟಿಗಳ ಕುರೂಪಿ ಇವನು. ಇಬ್ಬರೂ ಜಗಳವಾಡುವರು, ಬೈದಾಡುವರು, ಹೊಡೆದಾಡುವರು, ಕೂಡಿ ಕುಣಿಯುವರು. ಸಭ್ಯರು ಮುಖ ತಿರುಗಿಸುವ ಮಾತುಗಳೂ ಅಲ್ಲಿ ಬರುವವು. ಕರ್ನಾಟಕದ ತೊಗಲುಗೊಂಬೆಗಳ ಗಾತ್ರವು ಪಾತ್ರದ ಸ್ಥಾನಮಾನಕ್ಕೆ ಅನುಗುಣವಾಗಿರುವದು: ದೇವತೆಗಳಿಗೂ ಅರಸರಿಗೂ ದೊಡ್ಡ ಗೊಂಬೆ, ಸಾಮಾನ್ಯರಿಗೆ ಚಿಕ್ಕದು. ಆದರೆ ಕೀಲುಗಳ ಲೆಕ್ಕವು ಬೇರೆ. ದೊಡ್ಡ ದೇವರು ಪರದೆಯ ಮೇಲೆ ಬಹುತೇಕ ನಿಶ್ಚಲವಾಗಿ ನಿಲ್ಲುವನು; ಸಣ್ಣವನ ಕೈ, ಸೊಂಟ, ಕಾಲುಗಳು ಬಿಡಿಬಿಡಿಯಾಗಿ ಆಡುವವು. ಗೌರವಕ್ಕೆ ಗಾತ್ರ, ಸ್ವಾತಂತ್ರ್ಯಕ್ಕೆ ಕೀಲು ಎಂದು ಹಂಚಿಕೊಟ್ಟ ಆ ಅಜ್ಞಾತ ಕುಶಲಕರ್ಮಿಗಳ ಸಾಮಾಜಿಕ ದೃಷ್ಟಿಯು ಸಾಮಾನ್ಯವಾದುದಲ್ಲ.

ಈ ಆಟವನ್ನು ಆಡುವ ಜನಾಂಗಕ್ಕೂ ಆ ಗೊಂಬೆಯ ಹೆಸರೇ ಬಂದಿರುವದು ಇನ್ನೂ ಅರ್ಥವತ್ತಾಗಿದೆ. ರಾಮನ ಕಥೆಯನ್ನು ಮನೆಮನೆಗೆ ಮುಟ್ಟಿಸಿದವರನ್ನು ಕೆಲವೆಡೆ ಗೊಂಬೆರಾಮರೆಂದು ಕರೆದದ್ದುಂಟು. ಆದರೆ ಹೆಚ್ಚಾಗಿ ನಿಂತ ಹೆಸರು ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂಬುದು. ಊರು ತನ್ನನ್ನು ನಗಿಸಿದವನ ಹೆಸರನ್ನು ನೆನಪಿಟ್ಟಿತು. ಅದೇ ಹೆಸರಿನಿಂದ ಅವನನ್ನು ಊರ ಹೊರಗೆ ಇಟ್ಟಿತು. ಕುಣಿಕೆಯಂತಿರುವ ಈ ಹೆಸರನ್ನು ಹೊತ್ತೇ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ೨೦೨೫ರಲ್ಲಿ ತಮ್ಮ ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಹೆಸರಿನ ಹೀನಾಯವು ಇಷ್ಟರಿಂದ ಅಳಿಯಿತೆಂದಲ್ಲ. ಆದರೆ ಅದು ಗೌರವದ ಪಟ್ಟಿಯಲ್ಲಿಯೂ ಬರೆಯಲ್ಪಡಬಹುದೆಂಬುದು ಸಿದ್ಧವಾಯಿತು.

ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದಕ್ಕಿಂತ ಮುಂದಿನದು. ಈ ಜನರ ಮನೆಮಾತು ಕನ್ನಡವಲ್ಲ. ಅದು ಮರಾಠಿಯ ಒಂದು ಪ್ರಭೇದ. ೧೯೦೯ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ಕುರಿತ ಥರ್ಸ್ಟನ್ನರ ಸಂಪುಟಗಳಲ್ಲಿಯೂ ಅವರನ್ನು ಕನ್ನಡ, ತೆಲುಗು ನಾಡುಗಳಲ್ಲಿ ಚಿತ್ರದಾಟ ತೋರಿಸುವ ಮರಾಠೀ ಮೂಲದ ಜನರೆಂದು ಹೇಳಿದೆ. ಒಲೆಯ ಮುಂದೆ ಮರಾಠಿ, ಪರದೆಯ ಹಿಂದೆ ಕನ್ನಡ: ಇದು ಅವರ ಬಾಳಿನ ವ್ಯವಸ್ಥೆ. ಪುಣೆ, ಭೋರ್, ಸೋಲಾಪುರಗಳಲ್ಲಿ ನೆಲೆಸಿದ ಕನ್ನಡಿಗನು ಮನೆಯಲ್ಲಿ ಕನ್ನಡವನ್ನಾಡಿ ಹೊರಗಿನ ವ್ಯವಹಾರಕ್ಕೆ ಮರಾಠಿಯನ್ನು ಹಿಡಿಯುವನು. ಒಂದೇ ನಾಣ್ಯದ ಎರಡು ಮುಖಗಳಂತೆ ಈ ಎರಡು ಸ್ಥಿತಿಗಳಿವೆ. ವ್ಯತ್ಯಾಸವೆಂದರೆ ಹೊರನಾಡ ಕನ್ನಡಿಗನು ತನ್ನ ಮನೆಮಾತನ್ನು ಉಳಿಸಿಕೊಳ್ಳಲು ಸಂಘವನ್ನು ಕಟ್ಟಿದನು. ಕಿಳ್ಳೇಕ್ಯಾತನು ಪರಭಾಷೆಯ ಜನರನ್ನು ಅವರದೇ ಭಾಷೆಯಲ್ಲಿ ನಗಿಸುವ ವಿದ್ಯೆಯನ್ನು ಕಟ್ಟಿದನು.

ನಗಿಸುವದು ಎಂಬಲ್ಲಿ ಒತ್ತು ಬೀಳಬೇಕು. ಪುರಾಣಕಥೆಯ ಪದ್ಯಗಳನ್ನು ಬಾಯಿಪಾಠ ಮಾಡಬಹುದು. ಅವು ಸಿದ್ಧವಾಗಿವೆ, ಕಥೆಯೂ ಕೇಳುವವರಿಗೆ ಮೊದಲೇ ಗೊತ್ತಿದೆ. ಹಾಸ್ಯವು ಹಾಗಲ್ಲ. ಆಯಾ ಊರಿನ ಗೌಡನ ಜಿಪುಣತನ, ಶಾನಭೋಗನ ಲೆಕ್ಕ, ಅತ್ತೆಸೊಸೆಯರ ಬೈಗುಳ, ಆ ಸೀಮೆಯ ಉಚ್ಚಾರ ಇವೆಲ್ಲ ಹಾಸ್ಯಕ್ಕೆ ಬೇಕು. ಒಂದು ಭಾಷೆಯಲ್ಲಿ ವ್ಯವಹರಿಸುವದಕ್ಕಿಂತ, ಪ್ರಾರ್ಥಿಸುವದಕ್ಕಿಂತ, ಅಳುವದಕ್ಕಿಂತಲೂ ಕಠಿಣವಾದುದು ಅದರಲ್ಲಿ ನಗಿಸುವದು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಕನ್ನಡದವರಲ್ಲವೆನ್ನಲು ಯಾರಿಗೂ ಅಧಿಕಾರವಿಲ್ಲ. ಮನೆಮಾತಿನಿಂದ ಮಾತ್ರ ಭಾಷಿಕನನ್ನು ಗುರುತಿಸುವ ನಮ್ಮ ವಾಡಿಕೆಯನ್ನು ಇದು ಮರುಪರಿಶೀಲನೆಗೆ ಒಡ್ಡುವದು.

೫

ಈಗ ತಾಲೀಮಿನ ವಿಚಾರ. ಅವಿಧೇಯವಾದುದನ್ನು ಅಭ್ಯಾಸ ಮಾಡಿಸುವದು ಹೇಗೆ?

ಸೂತ್ರದ ಗೊಂಬೆಯನ್ನು ಮೊದಲ ಸಲ ಕೈಗೆ ತೆಗೆದುಕೊಂಡವನಿಗೆ ಗೊಂಬೆ ನಿಜವಾಗಿಯೂ ಮಾತು ಕೇಳುವದಿಲ್ಲ. ಕಾರಣವು ಸರಳವಾಗಿದೆ. ದಾರದಿಂದ ತೂಗುವ ಭಾರವು ಒಂದು ಲೋಲಕ. ಒಂದು ಮೀಟರು ಉದ್ದದ ದಾರಕ್ಕೆ ಕಟ್ಟಿದ ಭಾರವು ಒಮ್ಮೆ ಹೋಗಿ ಬರಲು ಸುಮಾರು ೨ ಸೆಕೆಂಡು ಹಿಡಿಯುವದು. ದಾರವು ನಾಲ್ಕು ಪಟ್ಟು ಉದ್ದವಾದರೆ ಈ ಅವಧಿಯು ಎರಡು ಪಟ್ಟಾಗುವದು. ಕೈ ನಿಂತ ಮೇಲೂ ಗೊಂಬೆ ತೂಗುತ್ತಲೇ ಇರುವದು. ಅವಸರದಿಂದ ಎದುರು ಎಳೆದರೆ ತೂಗಾಟ ಹೆಚ್ಚುವದು, ದಾರಗಳು ಹೆಣೆದುಕೊಳ್ಳುವವು. ಕರ್ನಾಟಕದ ಸೂತ್ರದ ಗೊಂಬೆಗಳಿಗೆ ಹೆಗಲು, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳಿದ್ದು, ಐದರಿಂದ ಏಳು ದಾರಗಳಿಂದ ಅವನ್ನು ಆಡಿಸುವರು. ಜಟಿಲವಾದ ಚಲನೆಗೆ ಒಂದೇ ಗೊಂಬೆಯನ್ನು ಇಬ್ಬರು ಮೂವರು ಕೂಡಿ ಆಡಿಸುವದುಂಟು. ತಮಿಳುನಾಡಿನ ಬೊಮ್ಮಲಾಟದಲ್ಲಿ ದಾರಗಳನ್ನು ಕಬ್ಬಿಣದ ಬಳೆಯೊಂದಕ್ಕೆ ಕಟ್ಟಿ, ಅದನ್ನು ಆಡಿಸುವವನು ತಲೆಯ ಮೇಲೆ ಕಿರೀಟದಂತೆ ಧರಿಸುವನು. ಗೊಂಬೆ ತಲೆಯಾಡಿಸಬೇಕಾದರೆ ಅವನೇ ತಲೆಯಾಡಿಸಬೇಕು. ಯಾರು ಯಾರನ್ನು ಆಡಿಸುತ್ತಿದ್ದಾರೆಂಬ ಸಂದೇಹವು ಇಲ್ಲಿ ತತ್ತ್ವದ ಮಾತಲ್ಲ, ಕುತ್ತಿಗೆಯ ನೋವಿನ ಮಾತು.

ಆದುದರಿಂದ ತಾಲೀಮಿನ ಮೊದಲ ಹಂತವು ಗೊಂಬೆಗೆ ಕಲಿಸುವದಲ್ಲ; ಗೊಂಬೆಯ ಸ್ವಭಾವಕ್ಕೆ ಆಡಿಸುವವನು ಕಾಯಲು ಕಲಿಯುವದು. ತೂಗಾಟವು ತಾನಾಗಿ ತಿರುಗುವ ಕ್ಷಣವನ್ನು ಕಾದು, ಆಗ ಹೆಜ್ಜೆಯನ್ನು ಇಡಿಸಬೇಕು. ವೀರನ ಪಾತ್ರದಲ್ಲಿ ಈ ತೂಗಾಟವನ್ನು ಪ್ರೇಕ್ಷಕನಿಗೆ ಕಾಣದಂತೆ ಅಡಗಿಸುವರು. ಹಾಸ್ಯದ ಪಾತ್ರದಲ್ಲಿ ಅಡಗಿಸಿದ್ದನ್ನೇ ಬಿಚ್ಚಿ ತೋರಿಸುವರು: ಕೈ ಎತ್ತೆಂದರೆ ಕಾಲು ಎತ್ತುವ, ನಿಲ್ಲೆಂದರೆ ಇನ್ನೆರಡು ಹೆಜ್ಜೆ ಹಾಕುವ, ಬಗ್ಗೆಂದರೆ ಬಿದ್ದೇಬಿಡುವ ಗೊಂಬೆಯ ಚೇಷ್ಟೆಗಳು ಹೊಸಬನ ಕೈಯಲ್ಲಿ ತಪ್ಪುಗಳು, ನುರಿತವನ ಕೈಯಲ್ಲಿ ಅವೇ, ಅದೇ ಕ್ರಮದಲ್ಲಿ, ಪ್ರತಿದಿನವೂ ಅದೇ ತಾಳಕ್ಕೆ ಬರುವ ಕಲೆಗಳು. ಹಾಸ್ಯದ ಗೊಂಬೆಯನ್ನು ಆಡಿಸಲು ವೀರನ ಗೊಂಬೆಗಿಂತ ಹೆಚ್ಚಿನ ಪಳಗಿಕೆ ಬೇಕಾಗುವದು ಈ ಕಾರಣದಿಂದಲೆ.

ಜರ್ಮನ್ ಸಾಹಿತಿ ಕ್ಲೈಸ್ಟನು ೧೮೧೦ರಲ್ಲಿ ಸೂತ್ರದ ಗೊಂಬೆಗಳನ್ನು ಕುರಿತು ಬರೆದ ಪ್ರಬಂಧವು ಯುರೋಪಿನ ವಿಮರ್ಶೆಯಲ್ಲಿ ಪ್ರಸಿದ್ಧವಾಗಿದೆ. ಗೊಂಬೆಗೆ ಆತ್ಮಪ್ರಜ್ಞೆ ಇಲ್ಲ. ಆದುದರಿಂದ ಅದಕ್ಕೆ ಕೃತಕತೆಯಿಲ್ಲ. ತನ್ನ ಭಾರಕೇಂದ್ರವನ್ನು ನಿಷ್ಕಪಟವಾಗಿ ಅನುಸರಿಸುವ ಅದರ ಚಲನೆಯಲ್ಲಿ ಮನುಷ್ಯ ನರ್ತಕನಿಗೆ ದೊರೆಯದ ಲಾಲಿತ್ಯವಿದೆಯೆಂಬುದು ಅದರ ತಿರುಳು. ವಾದವು ಸುಂದರವಾಗಿದೆ, ಆದರೆ ಅರ್ಧದಷ್ಟೇ. ಕ್ಲೈಸ್ಟನು ನೋಡಿದ್ದು ನರ್ತಿಸುವ ಗೊಂಬೆಯನ್ನು. ಜಗಳವಾಡುವ ಗೊಂಬೆಯನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಿಳ್ಳೇಕ್ಯಾತನಿಗೆ ಲಾಲಿತ್ಯವಿಲ್ಲ, ಇರಬೇಕಾದುದೂ ಅಲ್ಲ. ತನಗೆ ಆತ್ಮವಿದೆಯೆಂದು ಆಡಿಸುವವನೊಡನೆ ಹಟ ಹಿಡಿಯುವದರಲ್ಲಿಯೆ ಅವನ ಸತ್ವವಿದೆ. ಆ ಹಟವು ಸುಳ್ಳೆಂದು ಪ್ರೇಕ್ಷಕನು ಬಲ್ಲನು. ಆದರೂ ಗೊಂಬೆಯ ಪಕ್ಷವನ್ನೇ ವಹಿಸುವನು. ತನ್ನನ್ನು ಆಡಿಸುವ ಕೈಗಳು ಅವನಿಗೂ ಇವೆ.

೬

ಆಡಿಸುವವನು ಪರದೆಯ ಹಿಂದಿನಿಂದ ಎದುರಿಗೆ ಬಂದು ಗೊಂಬೆಯನ್ನು ತೊಡೆಯ ಮೇಲೆ ಕೂಡಿಸಿಕೊಂಡಾಗ ಈ ಹಾಸ್ಯವು ಹೊಸ ರೂಪವನ್ನು ತಾಳಿತು. ತುಟಿಯಾಡಿಸದೆ ಮಾತಾಡಿ, ಮಾತು ಗೊಂಬೆಯದೆಂಬ ಭ್ರಮೆಯನ್ನು ಹುಟ್ಟಿಸುವ ವಿದ್ಯೆ ಇದು. ಕಲ್ಪನೆಯು ಪರದೇಶದ್ದೇ ಎನ್ನುವಂತಿಲ್ಲ: ರಾಜಶೇಖರನ ‘ಬಾಲರಾಮಾಯಣ’ದಲ್ಲಿ ಸೀತೆಯ ಯಂತ್ರಗೊಂಬೆಯ ಬಾಯಲ್ಲಿ ಸಾರಿಕೆಯನ್ನು ಕೂಡಿಸಿ ಮಾತಾಡಿಸಿ ರಾವಣನನ್ನು ಮರುಳುಗೊಳಿಸುವ ಪ್ರಸಂಗವಿದೆ. ಮಹಾರಾಷ್ಟ್ರದಲ್ಲಿ ಈ ಕಲೆಯನ್ನು ನೆಲೆಗೊಳಿಸಿದವರು ಯಶವಂತ ಕೇಶವ ಪಾಧ್ಯೆಯವರು. ಅವರು ೧೯೧೬ರ ಸುಮಾರಿಗೆ ನಿರ್ಮಿಸಿದ ಅರ್ಧವಟರಾವ್ ಎಂಬ ಗೊಂಬೆಯು ಅವರ ಮಗ ರಾಮದಾಸ ಪಾಧ್ಯೆಯವರ ಕೈಯಲ್ಲಿ, ೧೯೬೭ರಿಂದ ಮುಂದೆ, ಮರಾಠೀ ಮನೆಗಳ ಪರಿಚಿತ ವ್ಯಕ್ತಿಯಾಯಿತು. ಅವನ ಹೆಂಡತಿ ಆವಡಾಬಾಯಿ. ಹೆಸರೇ ಹೇಳುವಂತೆ ಅವನು ಅರೆಬುದ್ಧಿಯವನು. ಆದರೆ ಒಡೆಯನ ಪ್ರತಿಯೊಂದು ಮಾತಿಗೂ ಅಡ್ಡಮಾತು ಅವನಲ್ಲಿ ಸಿದ್ಧವಾಗಿದೆ. ಕುರೂಪಿ ಗಂಡ, ಜಗಳಗಂಟಿ ಹೆಂಡತಿ, ಎದುರುತ್ತರ ಈ ಮೂರನ್ನೂ ನೋಡಿದಾಗ ಕಿಳ್ಳೇಕ್ಯಾತ-ಬಂಗಾರಕ್ಕರ ನೆನಪು ತಾನಾಗಿ ಆಗುವದು. ಒಂದರಿಂದ ಇನ್ನೊಂದು ಬಂದಿತೆಂದು ಹೇಳುವ ಅಗತ್ಯವಿಲ್ಲ. ಒಂದೇ ನೆಲದ ಬೇಸಾಯವೆಂದರೆ ಸಾಕು. ನಮ್ಮ ಕಡೆಯಲ್ಲಿಯೂ ಬೆಂಗಳೂರಿನ ಇಂದುಶ್ರೀಯವರು ಡಿಂಕು ಎಂಬ ಗೊಂಬೆಯೊಡನೆ ಈ ಕಲೆಯನ್ನು ಕನ್ನಡದಲ್ಲಿ ಜನಪ್ರಿಯಗೊಳಿಸಿದ್ದಾರೆ.

ಈ ವಿದ್ಯೆಯ ತಾಲೀಮಿನಲ್ಲಿ ಭಾಷೆಯೇ ಮಾತು ಕೇಳುವದಿಲ್ಲ. ತುಟಿಗಳು ಕೂಡದೆ ಹುಟ್ಟದ ಪ, ಬ, ಮ ವರ್ಣಗಳು ಇಲ್ಲಿಯ ದೊಡ್ಡ ತೊಡಕು. ಅವುಗಳ ಸ್ಥಾನದಲ್ಲಿ ತ, ದ, ನಗಳಿಗೆ ಹತ್ತಿರದ ಧ್ವನಿಗಳನ್ನು ನಾಲಗೆಯಿಂದ ಹೊರಡಿಸಿ, ಕೇಳುವವನ ಕಿವಿಯು ಸರಿಯಾದ ಅಕ್ಷರವನ್ನು ತಾನೇ ಊಹಿಸಿಕೊಳ್ಳುವಂತೆ ಮಾಡಬೇಕು. ಕೂಸು ಮೊದಲು ಕಲಿಯುವ ಅಪ್ಪ, ಅಮ್ಮ, ಬಾ ಎಂಬ ಮಾತುಗಳೇ ಗೊಂಬೆಗೆ ಎಲ್ಲಕ್ಕೂ ಕಠಿಣವಾಗಿರುವದು ವಿಚಿತ್ರ. ಕನ್ನಡದ ‘ಗೊಂಬೆ’ ಎಂಬ ಶಬ್ದವಾಗಲಿ ಮರಾಠಿಯ ‘ಬಾಹುಲೀ’ ಎಂಬುದಾಗಲಿ ಗೊಂಬೆಯ ಬಾಯಿಗೆ ಸುಲಭವಾಗಿ ಬರುವಂತಿಲ್ಲ. ಹುಟ್ಟಿನಿಂದ ಬಂದ ಮಾತನ್ನು ಬೇರೆ ಸ್ಥಾನದಿಂದ ಉಚ್ಚರಿಸಿ, ಕೇಳುವವನ ಔದಾರ್ಯದಿಂದ ಅರ್ಥ ಮಾಡಿಸಿಕೊಳ್ಳುವದು ಹೇಗಿರುತ್ತದೆಂಬುದನ್ನು ಪರನಾಡಿನಲ್ಲಿ ಬಾಳಿದವರಿಗೆ ವಿವರಿಸಬೇಕಾಗಿಲ್ಲ.

ಅವಿಧೇಯತೆಯು ಹಾಸ್ಯದ ಎಲ್ಲೆಯನ್ನು ಮೀರಿದರೆ ಏನಾಗುವದೆಂಬುದಕ್ಕೆ ೧೯೯೩ರ ಮರಾಠೀ ಚಿತ್ರ ‘ಝಪಾಟಲೇಲಾ’ ಒಳ್ಳೆಯ ಉದಾಹರಣೆ. ಮಹೇಶ ಕೋಠಾರೆಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ಲಕ್ಷ್ಮೀಕಾಂತ ಬೇರ್ಡೆಯವರ ಪಾತ್ರವು ಗೊಂಬೆಯನ್ನು ಮಾತಾಡಿಸುವವನದು. ಸತ್ತ ಪಾತಕಿಯ ಆತ್ಮವು ಅವನ ಗೊಂಬೆಯನ್ನು ಹೊಕ್ಕು ತಾತ್ಯಾ ವಿಂಚೂ ಆಗುವದು. ಗೊಂಬೆಯನ್ನು ನಿರ್ಮಿಸಿದವರು ರಾಮದಾಸ ಪಾಧ್ಯೆಯವರೇ. ಕಥೆಯ ಬೀಜವು ಅಮೇರಿಕದ ಚಿತ್ರವೊಂದರಿಂದ ಬಂದದ್ದೆಂಬುದು ತಿಳಿದ ವಿಷಯ. ಆದರೂ ಆಡಿಸುವವನೇ ನಾಯಕನಾಗಿರುವದರಿಂದ ಇಲ್ಲಿ ಹೊಸದೊಂದು ಅರ್ಥ ಹೊಳೆಯುವದು: ಮಾತು ಕೇಳದಂತೆ ನಟಿಸಬೇಕಾದ ಗೊಂಬೆ ನಿಜವಾಗಿಯೂ ಮಾತು ಕೇಳದಾಗುವದು, ಮೇಲಾಗಿ ಆಡಿಸುವವನ ದೇಹವನ್ನೇ ಬಯಸುವದು. ಪ್ರೇಕ್ಷಕರು ನಕ್ಕರು, ಹೆದರಿದರು. ಮೂರು ದಶಕಗಳಾದರೂ ಆ ಗೊಂಬೆಯನ್ನು ಮರೆತಿಲ್ಲ. ಆದರೆ ತಾತ್ಯಾ ವಿಂಚೂ ಅರ್ಧವಟರಾವನಿಗಿಂತ ಕಡಿಮೆಯ ಹಾಸ್ಯಪಾತ್ರ. ಅವನಿಗೆ ನಿಜವಾಗಿಯೂ ಸ್ವತಂತ್ರ ಆತ್ಮ ದೊರೆತಿದೆ. ದೊರೆತ ಮೇಲೆ ಅವನು ಬಯಸುವದು ಅಧಿಕಾರವನ್ನು. ಅರ್ಧವ��ರಾವನಿಗೆ ಆತ್ಮವಿಲ್ಲ, ಅವನ ದನಿಯೂ ಒಡೆಯನದೇ. ಆ ದನಿಯಿಂದಲೇ ಅವನು ಒಡೆಯನನ್ನು ಹಾಸ್ಯಮಾಡುವನು. ತನ್ನದೇನೂ ಇಲ್ಲದವನು ಕೊಟ್ಟವನ ಸಾಧನದಿಂದಲೇ ಕೊಟ್ಟವನನ್ನು ಪ್ರಶ್ನಿಸುವ ಈ ಸ್ಥಿತಿಯಲ್ಲಿ ದ್ರೌಪದಿಯ ದೂರಿನ ಎಳೆಯಿದೆ. ದಾರ ಕಡಿದ ಗೊಂಬೆಯಿಂದ ಭಯವು ಹುಟ್ಟುವದು. ದಾರವಿದ್ದೂ ಹಟ ಮಾಡುವ ಗೊಂಬೆಯಿಂದ ಮಾತ್ರ ನಗೆ.

೭

ಈ ವಿವೇಚನೆಯಿಂದ ಇಂದಿನ ಆಚರಣೆಗೆ ಸಂಬಂಧಿಸಿದ ಒಂದೆರಡು ಮಾತುಗಳು ಹೊರಡುವವು.

ಗೊಂಬೆಯಾಟವು ಇಂದು ಇಡೀ ರಾತ್ರಿಯ ಆಟವಾಗಿ ಉಳಿದಿಲ್ಲ; ಸಭಾಗೃಹದ ಒಂದು ತಾಸಿನ ಕಾರ್ಯಕ್ರಮವಾಗಿದೆ. ಉಪ್ಪಿನಕುದ್ರುವಿನ ಕಾಮತ ಮನೆತನದವರಾಗಲಿ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದವರಾಗಲಿ ತಮ್ಮ ಪರಂಪರೆಯನ್ನು ಈ ಹೊಸ ಕಾಲಮಾನಕ್ಕೆ ಹೊಂದಿಸಿ ದೇಶವಿದೇಶಗಳಲ್ಲಿ ಉಳಿಸಿದ್ದು ಸಣ್ಣ ಸಾಧನೆಯಲ್ಲ. ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗೆ ಗಾಂಧೀಜಿಯ ಕಥೆಯನ್ನೂ ತಂದರು. ಎಂ. ಎಸ್. ನಂಜುಂಡರಾಯರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳನ್ನು ಸಂಗ್ರಹಿಸಿ ಕಾಪಾಡಿದರು. ಆದರೆ ಆಟವನ್ನು ಸಂಕ್ಷೇಪಿಸುವಾಗ ಕತ್ತರಿಯು ಮೊದಲು ತಾಗುವದು ಹಾಸ್ಯಕ್ಕೆ. ಪುರಾಣಭಾಗಕ್ಕೆ ಧರ್ಮದ ರಕ್ಷಣೆಯಿದೆ, ಗೊಂಬೆಗೆ ವಸ್ತುಸಂಗ್ರಹಾಲಯದ ರಕ್ಷಣೆಯಿದೆ. ಕಿಳ್ಳೇಕ್ಯಾತನ ಮಾತಿಗೆ ಯಾವ ರಕ್ಷಣೆಯೂ ಇಲ್ಲ. ಅಶ್ಲೀಲವೆಂದು ಸುಧಾರಕರು ತೆಗೆದರು. ಸಮಯವಿಲ್ಲವೆಂದು ವ್ಯವಸ್ಥಾಪಕರು ತೆಗೆದರು. ಅನುವಾದವಾಗದೆಂದು ಹೊರನಾಡಿನ ಸಂಘಗಳು ತೆಗೆದವು. ಉಳಿದದ್ದು ಶುಚಿತ್ವದ, ಸಾಕ್ಷರತೆಯ, ವ್ಯಸನಮುಕ್ತಿಯ ಸಂದೇಶವನ್ನು ಒಪ್ಪಿಸುವ ವಿಧೇಯ ಗೊಂಬೆ. ಆ ಸಂದೇಶಗಳು ಒಳ್ಳೆಯವೇ. ಆದರೆ ಹೇಳಿಕೊಟ್ಟದ್ದನ್ನು ಹಾಗೆಯೇ ಹೇಳುವ ಗೊಂಬೆಯನ್ನು ನೋಡಿ ಮಗು ಕಲಿಯುವ ಪಾಠವು ಸಂದೇಶಕ್ಕಿಂತ ಬೇರೆಯಾದುದು, ಅಪಾಯಕರವಾದುದು.

ಸುಧಾರಕರ ಆಕ್ಷೇಪವನ್ನು ಸಂಪೂರ್ಣವಾಗಿ ತಳ್ಳಲಾಗದೆಂಬುದೂ ನಿಜ. ಬಂಗಾರಕ್ಕನು ತಿನ್ನುವ ಹೊಡೆತಗಳನ್ನು ಇಂದಿನ ಪ್ರೇಕ್ಷಕನು ಹಿಂದಿನವರಂತೆ ಸಹಜವಾಗಿ ನಗಲಾರನು, ನಗಬಾರದು ಕೂಡ. ಆದರೆ ಆಕೆ ತಿರುಗಿ ಹೊಡೆಯುವಳು, ತಿರುಗಿ ಬೈಯುವಳು, ಪುರಾಣದ ಸಾಧ್ವಿಯರು ಹೇಳದ್ದನ್ನು ಹೇಳುವಳು ಎಂಬುದನ್ನು ಮರೆಯಲಾಗದು. ಹೊಡೆತವನ್ನು ತೆಗೆಯುವ ಭರದಲ್ಲಿ ಆಕೆಯ ಬಾಯನ್ನೂ ಕಟ್ಟಿದರೆ ಸುಧಾರಣೆಯ ಹೆಸರಿನಲ್ಲಿ ಹಳೆಯ ಅನ್ಯಾಯವೇ ನಡೆದಂತಾಗುವದು. ತಿದ್ದಬೇಕಾದುದು ಜಗಳದ ವಸ್ತುವನ್ನು, ಜಗಳವಾಡುವ ಅಧಿಕಾರವನ್ನಲ್ಲ.

ಕೊನೆಯದಾಗಿ ಭಾಷೆಯ ಮಾತು. ಭೋರಿನಂಥ ಊರಿನಲ್ಲಿ ಕನ್ನಡದ ಗೊಂಬೆಯಾಟವನ್ನು ಆಡಿಸಿದರೆ ರಾಮಾಯಣವು ಎಲ್ಲರಿಗೂ ತಿಳಿಯುವದು. ಕಿಳ್ಳೇಕ್ಯಾತನು ಮಾತ್ರ ಮೂಕನಾಗುವನು. ಇದಕ್ಕೆ ಪರಿಹಾರವಾಗಿ ಆತನ ಭಾಗವನ್ನು ಮರಾಠಿಗೆ ಅನುವಾದಿಸುವದನ್ನೋ ಬಿಡುವದನ್ನೋ ಸೂಚಿಸುವವರಿದ್ದಾರೆ. ಅನುವಾದದಿಂದ ನಗೆ ಹುಟ್ಟುವದು ಅಪರೂಪ. ಆದರೆ ಕಿಳ್ಳೇಕ್ಯಾತನಲ್ಲಿ ಅನುವಾದ ಬೇಕಿಲ್ಲದ ಒಂದು ಮರಾಠಿ ಮೊದಲೇ ಇದೆ. ಅದು ಆಡಿಸುವವನ ಮನೆಯ ಮರಾಠಿ. ಶತಮಾನಗಳಿಂದ ಕನ್ನಡ, ತೆಲುಗುಗಳ ನಡುವೆ ಬೆಳೆದ ಆ ಮಾತು ಭೋರಿನವರ ಮರಾಠಿಯಲ್ಲ. ಕೇಳಿದವರು ಅರ್ಧ ತಿಳಿದು ಅರ್ಧ ಬೆರಗಾಗುವರು. ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಯಾವುದು? ಪರದೆಯ ಮೇಲೆ ಅರಸರು ಶುದ್ಧ ಕನ್ನಡವನ್ನು ಆಡುತ್ತಿರಲಿ. ಅವರ ಸೇವಕನು ಅತ್ತ ಭೋರಿನವರಿಗೆ ಸಂಪೂರ್ಣ ತನ್ನದೂ ಅಲ್ಲದ, ಪರಕೀಯವೂ ಅಲ್ಲದ ಮರಾಠಿಯಲ್ಲಿ, ಇತ್ತ ಕನ್ನಡಿಗರಿಗೆ ಹಳ್ಳಿಯ ಕನ್ನಡದಲ್ಲಿ ಅರಸರ ಮಾತನ್ನು ತಪ್ಪುತಪ್ಪಾಗಿ ತಿಳಿಸಿ ಹೇಳಲಿ. ಅಪ್ಪ ಕನ್ನಡದಲ್ಲಿ ಕರೆದರೆ ಮರಾಠಿಯಲ್ಲಿ ಓಗೊಡುವ ಹೊರನಾಡಿನ ಮಕ್ಕಳಿಗೆ ಆ ಗೊಂಬೆಯು ತಮ್ಮ ಮನೆಯದೇ ಎಂದು ತೋರುವದರಲ್ಲಿ ಸಂದೇಹವಿಲ್ಲ.

ಮರಾಠೀ ಕುಟುಂಬವೊಂದು ಕನ್ನಡವನ್ನು ನಗಿಸಿದ ಮತ್ತು ಕನ್ನಡದ ಮಂಡಳಿಯೊಂದು ಮರಾಠಿಗೆ ರಂಗವನ್ನು ಕೊಟ್ಟ ನಾಡು ಇದು. ಇಲ್ಲಿಯ ಹೊರನಾಡ ಸಂಘಗಳು ಗೊಂಬೆಯಾಟವನ್ನು ಬರಮಾಡಿಕೊಳ್ಳುವಾಗ ಕಾಲಾವಧಿ, ವೆಚ್ಚ, ಸಭಾಗೃಹಗಳೊಡನೆ ಕಿಳ್ಳೇಕ್ಯಾತನಿಗೆ ಎಷ್ಟು ಹೊತ್ತು ಎಂದೂ ಕೇಳಬೇಕು. ಅವನಿಗೆ ಕಾಲು ತಾಸನ್ನಾದರೂ ಕೊಟ್ಟು, ಆ ಕಾಲು ತಾಸಿನಲ್ಲಿ ಅವನು ಏನು ಹೇಳುವನೆಂಬುದನ್ನು ಮುಂಚಿತವಾಗಿ ಕೇಳದೆ ಇರಬೇಕು.